ಚಹಾಕ್ಕೆ ಮೊದಲಿನ ಪ್ರಶ್ನೆ

"ಗುರುಗಳೇ, ತಾವು ಕಂಡಿದ್ದೀರಾ?" ಎಂದು ಶಿಷ್ಯ ಕೇಳಿದ.

ಕೇಳುವ ಮೊದಲೇ ಅವನು ತನ್ನ ಬಟ್ಟೆಗಂಟನ್ನು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದ. ಗುರುಗಳು ಅದನ್ನು ನೋಡಿದ್ದರು.

"ಏನನ್ನು?"

"ಏಳು ವರ್ಷದಿಂದ ನನಗೆ ಯಾವುದರ ದಾರಿ ಹೇಳಿಕೊಡುತ್ತಿದ್ದೀರೋ ಅದನ್ನು. ಹೊಳೆಯಾಚೆಯ ಆಶ್ರಮದ ಸ್ವಾಮಿಗಳು 'ನಾವು ಕಂಡಿದ್ದೇವೆ' ಎಂದು ತುಂಬಿದ ಸಭೆಯಲ್ಲಿ ಹೇಳುತ್ತಾರೆ. ಯಾವ ದಿನ, ಯಾವ ಗಳಿಗೆ ಎಂದೂ ಹೇಳುತ್ತಾರೆ. ನಮ್ಮಲ್ಲಿಂದ ಆಗಲೇ ನಾಲ್ಕು ಜನ ಅಲ್ಲಿಗೆ ಹೋದರು. ತಾವು ಒಂದು ದಿನವೂ ಹಾಗೆ ಹೇಳಿದ್ದಿಲ್ಲ."

"ಅಲ್ಲಿ ಊಟವೂ ಚೆನ್ನಾಗಿದೆಯಂತೆ," ಎಂದರು ಗುರುಗಳು.

ಶಿಷ್ಯ ನಗಲಿಲ್ಲ. ಅವನು ಹೇಳದೆ ಉಳಿಸಿಕೊಂಡ ಮಾತು ಇನ್ನೊಂದಿತ್ತು. ಹನ್ನೊಂದು ತಿಂಗಳಿಂದ ಅವನು ಧ್ಯಾನಕ್ಕೆ ಕಣ್ಣು ಮುಚ್ಚಿ ಕೂರುತ್ತಿದ್ದುದು ಏಳುವ ಗಂಟೆ ಯಾವಾಗ ಹೊಡೆಯುತ್ತದೆ ಎಂದು ಕಾಯುವುದಕ್ಕೆ ಮಾತ್ರ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಹಿಮ ಬೀಳುವ ಒಂದು ಬೆಟ್ಟ. ಮರಗಳೆಲ್ಲ ಮುಗಿದ ಮೇಲೆ ಇನ್ನೂ ಅರ್ಧ ದಿನ ಹತ್ತಿದರೆ ಕಲ್ಲಿನ ಒಂದು ತಂಗುಮನೆ. ಎರಡು ಕೋಣೆ, ಒಂದು ಒಲೆ, ಹನ್ನೆರಡು ಜನ ಒತ್ತಿಕೊಂಡು ಮಲಗುವಷ್ಟು ಹಲಗೆ. ಶಿಖರಕ್ಕೆ ಹೋಗುವವರು ಸಂಜೆ ಅಲ್ಲಿ ತಂಗಿ, ಬೆಳಕು ಹರಿಯುವಾಗ ಹೊರಟು, ಮಧ್ಯಾಹ್ನದ ಮೇಲೆ ಅಲ್ಲಿಗೇ ಮರಳುತ್ತಿದ್ದರು. ಏಕೆ ಹೋಗುತ್ತಿದ್ದರು ಎಂದು ಕೇಳಬೇಡ. ಕೇಳಿದರೆ ಅವರು ದೊಡ್ಡ ಮಾತು ಆಡುತ್ತಿದ್ದರು.

ಆ ಮನೆಗೆ ಒಬ್ಬ ಕಾವಲುಗಾರನಿದ್ದ. ಹತ್ತೊಂಬತ್ತು ವರ್ಷದಿಂದ ಇದ್ದ. ಒಲೆ ಉರಿಸುವುದು, ಹಿಮ ಕರಗಿಸಿ ನೀರು ಮಾಡುವುದು, ಚಹಾ ಕಾಯಿಸುವುದು ಅವನ ಕೆಲಸ. ಮೇಲೆ ಯಾರಾದರೂ ಇರುವಾಗ ಒಲೆ ಆರಬಾರದು, ಅವನು ಬಾಗಿಲು ಬಿಟ್ಟು ಹೋಗಬಾರದು ಎಂಬುದು ಅಲ್ಲಿನ ಕಟ್ಟುಪಾಡು. ಹತ್ತುವ ಕಾಲದಲ್ಲಿ ಮೇಲೆ ಯಾರಾದರೂ ಇದ್ದೇ ಇರುತ್ತಿದ್ದರು. ಉಳಿದ ಕಾಲದಲ್ಲಿ ದಾರಿಯೇ ಮುಚ್ಚಿರುತ್ತಿತ್ತು. ಹೀಗಾಗಿ ಅವನು ಶಿಖರಕ್ಕೆ ಹೋಗಿರಲಿಲ್ಲ. ಹೋಗಬೇಕೆಂದು ಅನ್ನಿಸಿಯೂ ಇರಲಿಲ್ಲ.

ಅವನದೊಂದು ಪದ್ಧತಿಯಿತ್ತು. ಮೇಲಿನಿಂದ ಇಳಿದು ಬಂದವರನ್ನು ಒಲೆಯ ಮುಂದೆ ಕೂರಿಸುತ್ತಿದ್ದ. ಚಹಾ ಕುದಿಯುತ್ತಿರುತ್ತಿತ್ತು. ಆದರೆ ಕೊಡುತ್ತಿರಲಿಲ್ಲ. ಮೊದಲು ಕೇಳುತ್ತಿದ್ದ: "ಕಾಲು ಎಲ್ಲಿ ಹೂತಿತು?"

ಬಂದವರು ನಡೆದ ದಾರಿಯನ್ನೆಲ್ಲ ಮೊದಲ ಹೆಜ್ಜೆಯಿಂದ ಹೇಳಬೇಕು. ಎಲ್ಲಿ ಹಿಮ ಗಟ್ಟಿಯಿತ್ತು, ಎಲ್ಲಿ ಪಾದ ಮುಳುಗಿತು, ಎಲ್ಲಿ ಮೊಣಕಾಲು ಮುಳುಗಿತು, ಎಲ್ಲಿ ಕಲ್ಲು ಅಲುಗಿತು. ಹೇಳಿ ಮುಗಿದ ಮೇಲೆ ಚಹಾ. ಶಿಖರದ ಮೇಲೆ ಏನು ಕಂಡಿರಿ ಎಂದು ಅವನು ಯಾರನ್ನೂ ಕೇಳಿದವನಲ್ಲ. ಅದನ್ನು ಅವರೇ ಹೇಳಹೊರಟರೆ ಚಹಾ ಸೋಸಲು ಏಳುತ್ತಿದ್ದ.

ಜನ ಅವನನ್ನು ಬೈದುಕೊಳ್ಳುತ್ತಿದ್ದರು. ತುಟಿ ಮರಗಟ್ಟಿದವನ ಹತ್ತಿರ ಹರಿಕತೆ ಹೇಳಿಸುತ್ತಾನೆ ಎನ್ನುತ್ತಿದ್ದರು. ಲೋಟ ಚಹಾಕ್ಕೆ ಇಷ್ಟು ಜಿಪುಣತನವೇ ಎನ್ನುತ್ತಿದ್ದರು. ಬೈಯುತ್ತಲೇ ಹೇಳುತ್ತಿದ್ದರು. ಚಹಾ ಬೇಕಿತ್ತು.

ಹತ್ತೊಂಬತ್ತು ವರ್ಷ ಹೀಗೆ ಕೇಳಿದವನಿಗೆ ಆ ಬೆಟ್ಟ ಕಾಣದೆಯೇ ಗೊತ್ತಾಗಿತ್ತು. ತಂಗುಮನೆಯಿಂದ ಒಂದು ತಾಸು ಹತ್ತಿದರೆ ಒಂದು ಕರಿಬಂಡೆ. ಅಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹಿಮದ ಇಳಿಜಾರು, ಹತ್ತಿರದ ದಾರಿ. ಬಲಕ್ಕೆ ಬರೀ ಕಲ್ಲಿನ ಏರುದಾರಿ, ಎರಡು ತಾಸು ಹೆಚ್ಚು. ಎಡಗಡೆಯ ಹಿಮದ ಅಡಿಯಲ್ಲಿ ಒಂದು ತೊರೆ ಹರಿಯುತ್ತದೆ. ರಾತ್ರಿ ಆಕಾಶ ತೆರೆದು ಕೊರೆಯುವ ಚಳಿಯಿದ್ದರೆ ಎಡಗಡೆ ಗಟ್ಟಿ. ರಾತ್ರಿ ಮೋಡ ಕವಿದಿದ್ದರೆ ಗಟ್ಟಿಯಲ್ಲ. ಏಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಾಲು ಹೂತವರ ಮಾತನ್ನೂ ಹೂಳದವರ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಾಗೆ ಕಾಣುತ್ತಿತ್ತು. ಹಾಗಾಗಿ ಬೆಳಗಿನ ಹೊತ್ತು ಹೊರಡುವವರಿಗೆ ಅಷ್ಟನ್ನು ಹೇಳುತ್ತಿದ್ದ.

ಒಂದು ವರ್ಷ ಪಟ್ಟಣದಿಂದ ಒಬ್ಬ ವಕೀಲ ಬಂದ. ಜೊತೆಗೆ ಮೂವರು ಗೆಳೆಯರು. ಬೆಳಗ್ಗೆ ಬೂಟಿನ ದಾರ ಬಿಗಿಯುತ್ತಿರುವಾಗ ಕಾವಲುಗಾರ ಹೇಳಿದ: "ರಾತ್ರಿ ಮೋಡ ಇತ್ತು ಸ್ವಾಮಿ. ಕರಿಬಂಡೆಯ ಹತ್ತಿರ ಬಲಕ್ಕೆ ಹೋಗಿ."

"ಎಡಕ್ಕೆ ಹೋದರೆ ಏನಾಗುತ್ತದೆ?" ಎಂದ ವಕೀಲ.

"ಕಾಲು ಹೂಳುತ್ತದಂತೆ. ಕೆಳಗೆ ತೊರೆ ಇದೆಯಂತೆ."

"ತೊರೆಯನ್ನು ನೀವು ನೋಡಿದ್ದೀರಾ?"

"ಇಲ್ಲ. ಕೇಳಿದ್ದೇನೆ."

"ಏನನ್ನು ಕೇಳಿದ್ದೀರಿ, ತೊರೆಯ ಸದ್ದನ್ನೋ?"

"ಇಲ್ಲ. ಸದ್ದು ಕೇಳಿದವರು ಹೇಳಿದ್ದನ್ನು ಕೇಳಿದ್ದೇನೆ."

ಗೆಳೆಯರು ನಕ್ಕರು. ವಕೀಲ ನಗಲಿಲ್ಲ. ಅವನಿಗೆ ಪಾಟೀಸವಾಲು ಕಸುಬು.

"ಇಂಥ ಸಾಕ್ಷಿಯನ್ನು ನಮ್ಮ ಕೋರ್ಟಿನಲ್ಲಿ ಕಟಕಟೆ ಹತ್ತಲಿಕ್ಕೂ ಬಿಡುವುದಿಲ್ಲ ಕಣಯ್ಯಾ. ಒಂದು ಸಲವಾದರೂ ನೀನು ಮೇಲೆ ಹೋಗಿದ್ದೀಯಾ?"

'ನೀವು' ಹೋಗಿ 'ನೀನು' ಬಂದದ್ದನ್ನು ಕಾವಲುಗಾರ ಗಮನಿಸಿದ.

"ಇಲ್ಲ ಸ್ವಾಮಿ."

"ಎಷ್ಟು ವರ್ಷವಾಯಿತು ಇಲ್ಲಿ?"

"ಹತ್ತೊಂಬತ್ತು."

"ಬ್ರಹ್ಮಚಾರಿಯ ಹತ್ತಿರ ಬಾಣಂತನ ಕಲಿಯಲು ಬಂದ ಹಾಗಾಯಿತಲ್ಲಪ್ಪ," ಎಂದ ಗೆಳೆಯರಲ್ಲಿ ಒಬ್ಬ.

ಅವರು ಎಡಕ್ಕೇ ಹೋದರು. ಮಧ್ಯಾಹ್ನಕ್ಕೆ ನಾಲ್ವರೂ ಮರಳಿದರು. ಇಂಥ ಕತೆಗಳಲ್ಲಿ ವಕೀಲನಿಗೆ ಏನಾದರೂ ಆಗಬೇಕು. ಏನೂ ಆಗಲಿಲ್ಲ. ಆ ವರ್ಷ ಹಿಮ ದಪ್ಪಗೆ ಬಿದ್ದಿತ್ತು.

"ಕಾಲು ಎಲ್ಲಿ ಹೂತಿತು?" ಎಂದು ಕಾವಲುಗಾರ ಕೇಳಿದ.

"ಎಲ್ಲೂ ಇಲ್ಲ. ನಿನ್ನ ಮಾತು ಕೇಳಿದ್ದರೆ ಎರಡು ತಾಸು ದಂಡವಾಗುತ್ತಿತ್ತು. ಚಹಾ ಕೊಡು."

ಕೊಟ್ಟ. ಮೋಡ ಕವಿದ ರಾತ್ರಿಯ ಮಾರನೆಯ ದಿನ ನಾಲ್ವರು ಎಡಕ್ಕೆ ಹೋಗಿ ಬಂದರು ಎಂಬುದನ್ನೂ ಉಳಿದ ಮಾತುಗಳ ಪಕ್ಕದಲ್ಲಿ ಇಟ್ಟುಕೊಂಡ. ಅಲ್ಲಿಗೆ ಬಿಡಬೇಕಿತ್ತು. ಬಿಡಲಾಗಲಿಲ್ಲ. ಪಾತ್ರೆ ತೊಳೆಯುವಾಗ ಹತ್ತೊಂಬತ್ತು ವರ್ಷ ಎಂಬ ಮಾತು ನೆನಪಾಗುತ್ತಿತ್ತು. ಸೌದೆ ಒಡೆಯುವಾಗ ಬ್ರಹ್ಮಚಾರಿ ಎಂಬ ಮಾತು ನೆನಪಾಗುತ್ತಿತ್ತು. ತಾನು ಇಷ್ಟು ಕಾಲ ಊರವರ ಎಂಜಲನ್ನು ಉಂಡಂತೆ ಅವನಿಗೆ ಅನ್ನಿಸತೊಡಗಿತು.

ಹತ್ತುವ ಕಾಲ ಮುಗಿಯಿತು. ಕಡೆಯ ಗುಂಪು ಇಳಿದು ಹೋದ ಮಾರನೆಯ ದಿನ ಮೇಲೆ ಯಾರೂ ಇರಲಿಲ್ಲ, ಹಿಮ ಇನ್ನೂ ದಾರಿ ಮುಚ್ಚಿರಲಿಲ್ಲ. ರಾತ್ರಿಯೆಲ್ಲ ಆಕಾಶ ತೆರೆದಿತ್ತು, ಚಳಿ ಕೊರೆದಿತ್ತು. ಕಾವಲುಗಾರ ಒಲೆ ಆರಿಸಿದ, ಬಾಗಿಲು ಎಳೆದುಕೊಂಡ, ಹತ್ತಿದ.

ಕರಿಬಂಡೆಯ ಹತ್ತಿರ ಎಡಕ್ಕೆ ತಿರುಗಿದ. ಹಿಮ ಕಲ್ಲಿನಂತಿತ್ತು. ಬೂಟಿನ ಗುರುತೂ ಮೂಡಲಿಲ್ಲ. ಸದ್ದೂ ಇರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಶಿಖರದ ಮೇಲಿದ್ದ. ಅಲ್ಲಿ ಒಂದಿಷ್ಟು ಕಲ್ಲು ಪೇರಿಸಿದ್ದರು. ಅದರ ಮೇಲೆ ಯಾರೋ ಮರೆತ ಒಂದು ಉಣ್ಣೆಯ ಕೈಗವಸು. ಆಚೆಗೆ ಇನ್ನಷ್ಟು ಬೆಟ್ಟ. ಅವನ ಕಣ್ಣಲ್ಲಿ ನೀರು ಬಂತು. ಆ ಗಾಳಿಗೆ ಎಲ್ಲರಿಗೂ ಬರುತ್ತದೆ. ಅವನಿಗೆ ಮಾತ್ರ ಅದು ಗಾಳಿಗೆ ಬಂದದ್ದು ಎಂದು ಅನ್ನಿಸಲಿಲ್ಲ.

ಮುಂದಿನ ವರ್ಷ ಜನ ಬಂದಾಗ ಕಾವಲುಗಾರ ಬೇರೆಯವನಾಗಿದ್ದ. ಬೆನ್ನು ನೆಟ್ಟಗಾಗಿತ್ತು. ದಾರಿ ಹೇಳುವಾಗ 'ಅಂತೆ' ಎಂಬುದು ಬಿಟ್ಟುಹೋಗಿತ್ತು. "ನಾನೇ ನಡೆದಿದ್ದೇನೆ," ಎನ್ನುತ್ತಿದ್ದ. ಎಡಗಡೆ ಕಲ್ಲಿನಂತಿದೆ, ಭಯ ಬೇಡ ಎನ್ನುತ್ತಿದ್ದ. ಮೋಡದ ಮಾತು ಬರುತ್ತಿರಲಿಲ್ಲ. ಅದು ಬೇರೆಯವರ ಮಾತು.

ಜನರಿಗೆ ಅವನು ಹಿಡಿಸಿದ. ಮೊದಲು ಹೇಳಿದ್ದನ್ನು ಅರ್ಧ ಕೇಳಿ ಎದ್ದು ಹೋಗುತ್ತಿದ್ದವರು ಈಗ ಸುತ್ತ ಕೂತು ಕೇಳಿದರು. ಶಿಖರದ ಮೇಲೆ ತನಗೆ ಏನಾಯಿತು ಎಂದು ಹೇಳುತ್ತಿದ್ದ. ಕೈಗವಸಿನ ಮಾತು ಮೊದಲ ತಿಂಗಳಲ್ಲೇ ಬಿದ್ದುಹೋಯಿತು. ಕಣ್ಣೀರಿನ ಮಾತು ಉಳಿಯಿತು, ಬೆಳೆಯಿತು.

ಇನ್ನೊಂದು ಬದಲಾವಣೆಯೂ ಆಯಿತು. ಇಳಿದು ಬಂದವರಿಗೆ ಚಹಾ ಕೂಡಲೇ ಸಿಗತೊಡಗಿತು. ಕಾಲು ಎಲ್ಲಿ ಹೂತಿತು ಎಂದು ಅವನು ಕೇಳುತ್ತಿರಲಿಲ್ಲ. ಅವರು ಕುಡಿಯುತ್ತಿದ್ದರು, ಅವನು ಮಾತಾಡುತ್ತಿದ್ದ. ಇದರ ಬಗ್ಗೆ ಯಾರೂ ದೂರಲಿಲ್ಲ. ಅಂತೂ ಬುದ್ಧಿ ಬಂತು ಎಂದರು.

ಬೆಟ್ಟದ ಕೆಳಗಿನ ಊರಿನ ಒಬ್ಬ ಶಾಲಾ ಶಿಕ್ಷಕಿ ಪ್ರತಿವರ್ಷ ಒಬ್ಬಳೇ ಬರುತ್ತಿದ್ದಳು. ಎಷ್ಟೋ ಸಲ ಶಿಖರ ಮುಟ್ಟದೆ ಹಿಂತಿರುಗುತ್ತಿದ್ದಳು. ಆದರೆ ಅವಳಷ್ಟು ಚೆನ್ನಾಗಿ ದಾರಿ ಹೇಳುವವರು ಇನ್ನೊಬ್ಬರಿರಲಿಲ್ಲ. ಹೆಜ್ಜೆ ಎಣಿಸಿ ಹೇಳುತ್ತಿದ್ದಳು. ಆ ವರ್ಷವೂ ಬಂದಳು. ಹತ್ತು ಗಂಟೆಗೇ ಅರ್ಧದಿಂದ ಮರಳಿ ಒಲೆಯ ಮುಂದೆ ಕೂತಳು. ಅವನು ಲೋಟ ಮುಂದಿಟ್ಟ.

"ಇನ್ನೂ ಹೇಳಲೇ ಇಲ್ಲ," ಎಂದಳು ಅವಳು.

"ಕುಡಿಯಿರಿ ಟೀಚರ್, ಆರಿಹೋಗುತ್ತದೆ."

"ಕರಿಬಂಡೆ ದಾಟಿ ಎಡಕ್ಕೆ..."

"ಆ ಜಾಗ ನನಗೆ ಗೊತ್ತು. ನಾನೇ ನಡೆದಿದ್ದೇನೆ. ಕಲ್ಲಿನಂತಿದೆ."

ಅವಳು ಅವನ ಮುಖ ನೋಡಿದಳು. "ನೀವು ಹೋದಾಗ ಇದ್ದಿರಬಹುದು," ಎಂದಳು. ಶಿಖರದ ಮೇಲೆ ತನಗೆ ಏನಾಯಿತು ಎಂದು ಅವನು ಹೇಳತೊಡಗಿದ. ಅವಳು ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಇಳಿದು ಹೋದಳು.

ಅದೇ ಸಂಜೆ ಇಬ್ಬರು ಬಡಗಿಗಳು ಬಂದರು. ಅಣ್ಣ, ತಮ್ಮ. ಅಣ್ಣ ಮೂರು ವರ್ಷದ ಹಿಂದೆ ಈ ತಂಗುಮನೆಗೇ ಬಾಗಿಲು ಕೂರಿಸಲು ಬಂದು ಇಪ್ಪತ್ತು ದಿನ ಇದ್ದುಹೋಗಿದ್ದ. ಕೆಲಸ ಮಾಡುತ್ತ ದಿನವೂ ಹತ್ತಿ ಇಳಿಯುವವರನ್ನು ನೋಡಿದ್ದ. ಒಂದು ಸಲ ತಾನೂ ಹತ್ತಬೇಕು ಎಂದು ಅಂದುಕೊಂಡಿದ್ದ. ಈಗ ತಮ್ಮನನ್ನೂ ಕರೆದುಕೊಂಡು ಬಂದಿದ್ದ. ತಾನು ಮಾಡಿದ ಬಾಗಿಲನ್ನು ತಮ್ಮನಿಗೆ ಎರಡು ಸಲ ತೆಗೆದು ಮುಚ್ಚಿ ತೋರಿಸಿದ.

ಆ ರಾತ್ರಿ ಮೋಡ ಕವಿದಿತ್ತು. ಬೆಳಗ್ಗೆ ಅಣ್ಣ ಹೊರಗೆ ಬಂದು ಆಕಾಶ ನೋಡಿದ.

"ಮೋಡ ಇತ್ತಲ್ಲ ಯಜಮಾನರೇ. ಬಲಕ್ಕೆ ಹೋಗಬೇಕು ಅಲ್ಲವಾ? ನೀವೇ ಹೇಳುತ್ತಿದ್ದಿರಿ."

ಕಾವಲುಗಾರ ನಕ್ಕ. "ಆಗ ನಾನು ಹೋಗಿರಲಿಲ್ಲ ಕಣಪ್ಪ. ಅವರಿವರು ಅಂದದ್ದನ್ನು ಹೇಳುತ್ತಿದ್ದೆ. ಈಗ ನಾನೇ ನಡೆದಿದ್ದೇನೆ. ಎಡಕ್ಕೆ ಹೋಗಿ."

"ನೀವೇ ನಡೆದಿದ್ದರೆ ಇನ್ನೇನು," ಎಂದ ಅಣ್ಣ. ಅವನು ಬಡಗಿ. ಕೈಯಿಂದ ಮಾಡಿದವನ ಮಾತಿಗೆ ಬೆಲೆ ಕೊಡುವುದನ್ನು ಕಲಿತವನು.

ಮಧ್ಯಾಹ್ನ ಅವನೊಬ್ಬನೇ ಬಂದ.

ಬಾಗಿಲು ತೆಗೆದಾಗ ಅವನ ಹಿಂದೆ ಯಾರೂ ಇರಲಿಲ್ಲ. ಎದೆಯವರೆಗೆ ಒದ್ದೆಯಾಗಿದ್ದ. ಕೈಯಲ್ಲಿ ಕಡಿದುಹೋದ ಹಗ್ಗವಿತ್ತು. ಕಾವಲುಗಾರ ಅವನನ್ನು ಒಲೆಯ ಮುಂದೆ ಕೂರಿಸಿ, ಕಂಬಳಿ ಹೊದಿಸಿ, ಚಹಾ ತಂದಿಟ್ಟ. ಬಡಗಿ ಲೋಟ ಮುಟ್ಟಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಲೋಟವನ್ನು ಪಕ್ಕಕ್ಕೆ ಸರಿಸಿದ. ಇಪ್ಪತ್ತು ದಿನ ಈ ಮನೆಯಲ್ಲಿದ್ದವನಿಗೆ ಇಲ್ಲಿ ಚಹಾ ಯಾವಾಗ ಕುಡಿಯಬೇಕು ಎಂಬುದು ಗೊತ್ತಿತ್ತು. ಪದ್ಧತಿ ಬಿಟ್ಟುಹೋದದ್ದು ಗೊತ್ತಿರಲಿಲ್ಲ. ಯಾರೂ ಕೇಳದೆಯೇ ಮೊದಲ ಹೆಜ್ಜೆಯಿಂದ ಹೇಳತೊಡಗಿದ.

"ಕರಿಬಂಡೆಯವರೆಗೆ ಎಲ್ಲೂ ಹೂಳಲಿಲ್ಲ. ಬಂಡೆ ದಾಟಿ ಎಡಕ್ಕೆ ನಲವತ್ತು ಹೆಜ್ಜೆ ಗಟ್ಟಿ. ಆಮೇಲೆ ಪಾದ ಮುಳುಗಿತು. ಹತ್ತು ಹೆಜ್ಜೆಯಾದ ಮೇಲೆ ಮೊಣಕಾಲು. ತಮ್ಮ ಮುಂದಿದ್ದ. ನಿಂತ. 'ಅಣ್ಣಾ, ಕೆಳಗೆ ನೀರು ಹರಿಯುತ್ತಾ ಇದೆ, ಕೇಳು' ಅಂದ. ನನಗೂ ಕೇಳಿಸಿತು. 'ಅವರೇ ನಡೆದು ನೋಡಿದ್ದಾರೆ, ನಡಿ' ಅಂದೆ. ಅಲ್ಲಿಂದ ಆರು ಹೆಜ್ಜೆ."

ಅವನು ನಿಲ್ಲಿಸಿದ. ಇನ್ನೇನಾದರೂ ಬಿಟ್ಟಿತೇ ಎಂದು ಯೋಚಿಸಿದ.

"ಆರು," ಎಂದ. "ಏಳಲ್ಲ."

ಹೇಳಬೇಕಾದದ್ದು ಮುಗಿದಿತ್ತು. ಕೈ ಚಾಚಿ ಲೋಟ ತೆಗೆದುಕೊಂಡ. ಚಹಾ ಆರಿಹೋಗಿತ್ತು. ಕುಡಿದ.

ಕಾವಲುಗಾರ ಎದುರಿಗೆ ನಿಂತೇ ಇದ್ದ. ಆ ವರ್ಷ ಅವನು ಇನ್ನೊಬ್ಬರು ಹೇಳಿದ್ದನ್ನು ಪೂರ್ತಿ ಕೇಳಿದ್ದು ಅದೇ ಮೊದಲು.

ಕೆಳಗಿನಿಂದ ಜನ ಬಂದರು, ಹುಡುಕಿದರು, ನಾಲ್ಕನೆಯ ದಿನ ಸಿಕ್ಕಿದ್ದನ್ನು ತಂದರು. ಅಣ್ಣ ತನ್ನ ಬಾಗಿಲಿನ ಒಂದು ಹಲಗೆ ಬಿಚ್ಚಿಕೊಟ್ಟ, ಹೊತ್ತೊಯ್ಯುವುದಕ್ಕೆ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಕಾವಲುಗಾರನಿಗೆ ಅನುಕೂಲವಾಗುತ್ತಿತ್ತು.

ಹತ್ತುವ ಕಾಲ ಮುಗಿದ ಮೇಲೆ ಕಾವಲುಗಾರ ಬೆಟ್ಟ ಇಳಿದು ಶಿಕ್ಷಕಿಯ ಊರಿಗೆ ಹೋದ. ಶಾಲೆ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತ. ಮಕ್ಕಳು ತಿರುಗಿ ನೋಡಿದರು. ಅವಳು ಹೊರಗೆ ಬಂದಳು.

"ಟೀಚರ್, ಆ ದಿನ ಕಾಲು ಎಲ್ಲಿ ಹೂತಿತು?"

ಈಗ ಏಕೆ ಎಂದು ಅವಳು ಕೇಳಲಿಲ್ಲ.

"ಬಂಡೆ ದಾಟಿ ನಲವತ್ತು ಹೆಜ್ಜೆ ಗಟ್ಟಿ," ಎಂದಳು. "ಆಮೇಲೆ ಪಾದ. ಆಮೇಲೆ ಮೊಣಕಾಲು. ಕೆಳಗೆ ನೀರಿನ ಸದ್ದು. ನಾನು ಅಲ್ಲಿಂದ ಹಿಂದಕ್ಕೆ ಬಂದೆ."

ಅವನು ತಲೆಯಾಡಿಸಿದ. ಅವಳು ಒಳಗೆ ಹೋಗಿ ಪಾಠ ಮುಂದುವರಿಸಿದಳು. ಅವನು ಬಂದ ದಾರಿಯಲ್ಲಿ ಮರಳಿದ.

ಆ ಕೆಲಸ ಅವನು ಬಿಡಲಿಲ್ಲ. ಬಿಡುವುದು ಸುಲಭವಿತ್ತು. ಮುಂದಿನ ವರ್ಷದಿಂದ ಚಹಾ ಮತ್ತೆ ತಡವಾಗಿ ಸಿಗತೊಡಗಿತು. ಜನ ಮತ್ತೆ ಬೈದುಕೊಂಡರು. ಶಿಖರದ ಮಾತು ಅವನು ಎತ್ತಲಿಲ್ಲ. 'ಅಂತೆ' ಮರಳಿ ಬಂತು. ಮೇಲೆ ಹೋಗಿದ್ದೀಯಾ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತಿದ್ದ.

ಐದಾರು ವರ್ಷದ ಮೇಲೆ ಅದೇ ವಕೀಲ ಬಂದ. ಮೈ ತುಂಬಿಕೊಂಡಿದ್ದ. ಜೊತೆಗೆ ಹೊಸ ಗೆಳೆಯರಿದ್ದರು. ಇಳಿದು ಬಂದು ಒಲೆಯ ಮುಂದೆ ಕೂತವನು ಅವರಿಗೆ ಕಾವಲುಗಾರನನ್ನು ತೋರಿಸಿದ.

"ನಾನು ಹೇಳುತ್ತಿದ್ದೆನಲ್ಲ, ಇವನೇ. ಇಡೀ ಆಯುಷ್ಯ ಇಲ್ಲೇ ಇದ್ದಾನೆ, ಒಂದು ದಿನ ಮೇಲೆ ಹೋಗಿಲ್ಲ. ಈಗಲಾದರೂ ಹೋದೆಯೇನಯ್ಯಾ?"

"ಇಲ್ಲ ಸ್ವಾಮಿ," ಎಂದ ಕಾವಲುಗಾರ. ಕುದಿಯುತ್ತಿದ್ದ ಚಹಾವನ್ನು ಒಲೆಯಿಂದ ಇಳಿಸಿ ತನ್ನ ಪಕ್ಕದಲ್ಲಿ ಇಟ್ಟುಕೊಂಡ. "ನಿಮಗೆ ಕಾಲು ಎಲ್ಲಿ ಹೂತಿತು?"

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಪ್ರಶ್ನೆ ಹಾಗೆಯೇ ಉಳಿದಿತ್ತು.

"ಹಾಗಾದರೆ ತಾವು ಕಂಡಿದ್ದೀರೋ, ಇಲ್ಲವೋ?" ಎಂದು ಕೇಳಿದ.

"ಇಲ್ಲ," ಎಂದರು ಗುರುಗಳು. "ಹನ್ನೊಂದು ತಿಂಗಳಾಯಿತು, ನಿನಗೆ ಕಾಲು ಎಲ್ಲಿ ಹೂತಿತು?"